ಕೋಟೆಯಲ್ಲಿ ಸುರಂಗವಿದೆಯೇ? ನಿಧಿಯಿದೆಯೇ? ನರಗುಂದ, ಗಜೇಂದ್ರಗಡದ ಗುಡ್ಡ ಹತ್ತುವ ಮುನ್ನ

ಹಾಳುಬಿದ್ದ ಕೋಟೆಯೊಂದು ಊರಿನ ಪಕ್ಕದಲ್ಲಿದ್ದರೆ ಅದರ ಜೊತೆ ಮೂರು ಮಾತುಗಳು ತಪ್ಪದೆ ಇರುತ್ತವೆ. ಅಲ್ಲಿಂದ ದೂರದ ಇನ್ನೊಂದು ಕೋಟೆಗೋ ಗುಡಿಗೋ ಸುರಂಗವಿದೆ. ಅರಸರು ಹೂತಿಟ್ಟ ನಿಧಿಯಿದೆ. ಆ ನಿಧಿಯನ್ನು ಸರ್ಪ ಕಾಯುತ್ತಿದೆ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಭಾಗದ ಗುಡ್ಡಗಳಿಗೆ ರಜೆಯ ದಿನ ಹೋಗುವ ಹುಡುಗರೂ ಇಂಥ ಮಾತುಗಳನ್ನು ಕೇಳಿಕೊಂಡೇ ಹೋಗುತ್ತಾರೆ. ಕತೆ ಕತೆಯಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಅದನ್ನು ನಂಬಿ ಕತ್ತಲ ಗುಂಡಿಗೆ ಇಳಿದರೆ ಜೀವ ಹೋಗಬಹುದು. ಹಾರೆ ಹಿಡಿದು ಅಗೆದರೆ ಉಳಿದಿರುವ ಕೋಟೆಯೂ ಹೋಗುತ್ತದೆ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡೋಣ.

ಮೊದಲು ಸುರಂಗದ ಲೆಕ್ಕ

ನರಗುಂದದಿಂದ ಗಜೇಂದ್ರಗಡಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಸುಮಾರು 60 ಕಿಲೋಮೀಟರ್ ಆಗುತ್ತದೆ. ಎರಡರ ನಡುವೆ ಸುರಂಗವಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಒಬ್ಬ ಮನುಷ್ಯ ನಡೆಯುವಷ್ಟು, ಅಂದರೆ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರ ಕೊರೆದರೂ 1,80,000 ಘನ ಮೀಟರ್ ಕಲ್ಲುಮಣ್ಣು ಹೊರಬರಬೇಕು. ಒಡೆದ ಕಲ್ಲು ರಾಶಿಯಾದಾಗ ಹೆಚ್ಚು ಜಾಗ ಹಿಡಿಯುತ್ತದೆ. ಒಂದೂವರೆ ಪಟ್ಟು ಎಂದುಕೊಂಡರೆ 2,70,000 ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ ಸಾಗಿಸಿದರೆ 27,000 ಲೋಡು. ಅಷ್ಟು ದೊಡ್ಡ ಕಲ್ಲಿನ ರಾಶಿ ಎಲ್ಲಿ ಹೋಯಿತು?

ಕಾಲದ ಲೆಕ್ಕವನ್ನೂ ಹಾಕೋಣ. ಉಳಿ, ಸುತ್ತಿಗೆಯಲ್ಲಿ ದಿನಕ್ಕೆ ಅರ್ಧ ಮೀಟರ್ ಕೊರೆದರು, ಎರಡೂ ಕಡೆಯಿಂದ ಕೆಲಸ ನಡೆಯಿತು ಎಂದು ಉದಾರವಾಗಿ ಒಪ್ಪಿಕೊಂಡರೂ 60,000 ದಿನ ಬೇಕು. ಅಂದರೆ 164 ವರ್ಷ. ನರಗುಂದದ ಕೋಟೆಯನ್ನು ಶಿವಾಜಿಯ ಕಾಲದಲ್ಲಿ, 1674ರ ಸುಮಾರಿಗೆ ಕಟ್ಟಿದರು ಎನ್ನುತ್ತಾರೆ. ಅದು ಬ್ರಿಟಿಷರ ಕೈಸೇರಿದ್ದು 1858ರಲ್ಲಿ. ಕೋಟೆಗೆ ಅರಸರಿದ್ದ ಕಾಲವೆಲ್ಲ ಸುರಂಗ ತೋಡುವುದರಲ್ಲೇ ಮುಗಿದುಹೋಗುತ್ತಿತ್ತು!

ಇನ್ನು ನಡುವಿನ ನೆಲ. ನರಗುಂದದಿಂದ ರೋಣದ ಕಡೆ ಹೋಗಬೇಕಾದರೆ ಬೆಣ್ಣಿಹಳ್ಳವನ್ನು ದಾಟಬೇಕು. ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನೇ ಮುಳುಗಿಸುವ ಹಳ್ಳ ಅದು. ಸುತ್ತಲೂ ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮನೆಯ ಪಾಯವನ್ನೇ ಅಲುಗಾಡಿಸುವ ಈ ನೆಲದ ಕೆಳಗೆ, ಹಳ್ಳದ ಅಡಿಯಲ್ಲಿ, ಪಂಪು ಇಲ್ಲದ ಕಾಲದಲ್ಲಿ ನೀರು ತುಂಬದ ಸುರಂಗ ಉಳಿಯುವುದು ಸಾಧ್ಯವಿಲ್ಲ.

ಹಾಗಾದರೆ ನಮ್ಮ ಹಿರಿಯರಿಗೆ ಸುರಂಗ ತೋಡಲು ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು. ಬೀದರಿನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ನೆಲದಡಿಯಲ್ಲಿ ನೀರು ಹರಿಸುವ ನಿಜವಾದ ಸುರಂಗ ಅದು. ಕಾಸರಗೋಡಿನಲ್ಲಿ ಮುರಕಲ್ಲಿನ ಗುಡ್ಡ ಕೊರೆದು ನೀರು ತೆಗೆಯುವ ಸುರಂಗಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ನಿಜವಾದ ಸುರಂಗಕ್ಕೆ ಗುರುತುಗಳಿರುತ್ತವೆ. ಬೀದರಿನ ಕಾರೇಜಿಗೆ ಅಲ್ಲಲ್ಲಿ ಮೇಲಿನಿಂದ ತೋಡಿದ ಗಾಳಿಬಾವಿಗಳಿವೆ. ಗಾಳಿಯಿಲ್ಲದೆ ದೀಪ ಉರಿಯದು, ಕೂಲಿಯವರು ಉಸಿರಾಡಲಾರರು ಎಂಬುದು ತೋಡಿದವರಿಗೆ ಗೊತ್ತಿತ್ತು. ಹತ್ತಾರು ಕಿಲೋಮೀಟರ್ ಉದ್ದದ ಗುಪ್ತ ಸುರಂಗದ ದಾರಿಯಲ್ಲೆಲ್ಲ ಇಂಥ ಬಾವಿಗಳು ಕಾಣಬೇಕಿತ್ತು. ಕಂಡಿದ್ದರೆ ಅದು ಗುಪ್ತವಾಗಿಯೂ ಉಳಿಯುತ್ತಿರಲಿಲ್ಲ.

ಇತಿಹಾಸ ಏನು ಹೇಳುತ್ತದೆ?

ತಪ್ಪಿಸಿಕೊಳ್ಳಲು ಸುರಂಗವಿದ್ದಿದ್ದರೆ ಅದನ್ನು ಬಳಸುವ ಸಂದರ್ಭ ನರಗುಂದದ ಭಾವೆ ಮನೆತನಕ್ಕೆ ಎರಡು ಸಲವಾದರೂ ಬಂದಿತ್ತು. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ಕೋಟೆಗೆ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ತಡೆದುಕೊಂಡ ಮೇಲೆ ಕೋಟೆ ಶರಣಾಯಿತು, ಅರಸ ವೆಂಕಟರಾವ್ ಸೆರೆಯಾದ. 1858ರ ಮೇ ಕೊನೆಯಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ದತ್ತು ತೆಗೆದುಕೊಳ್ಳಲು ಅನುಮತಿ ಸಿಗದ ಸಿಟ್ಟು ಅವನಿಗೆ ಮೊದಲೇ ಇತ್ತು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೇನೆ ನರಗುಂದಕ್ಕೆ ಬಂತು. ಕೋಟೆ ಬಿಟ್ಟು ಹೋದ ಬಾಬಾಸಾಹೇಬ ಬೇಗನೆ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ದೂರದ ಊರಿನಲ್ಲಿ ಹೊರಬೀಳುವ ಸುರಂಗವಿದ್ದವರ ಕತೆ ಹೀಗೆ ಮುಗಿಯುತ್ತಿರಲಿಲ್ಲ.

ಹಾಗಾದರೆ ಆ ಗುಂಡಿ, ಕಿಂಡಿಗಳು ಏನು?

ಕೋಟೆಗಳಲ್ಲಿ ನೆಲದೊಳಗೆ ಇಳಿಯುವ ಜಾಗಗಳು ಇರುವುದು ನಿಜ. ಸಾಮಾನ್ಯವಾಗಿ ಅವು ಧಾನ್ಯದ ಹಗೇವು, ಮದ್ದಿನ ಮನೆ, ನೀರಿನ ಹೊಂಡ, ಮಳೆನೀರು ಹೊರಹೋಗುವ ಗಟಾರ, ಇಲ್ಲವೇ ಗೋಡೆಯ ಸಂದಿಯಲ್ಲಿನ ದಿಡ್ಡಿ ಬಾಗಿಲು ಆಗಿರುತ್ತವೆ. ಹತ್ತಿಪ್ಪತ್ತು ಅಡಿ ಹೋದ ಮೇಲೆ ಮಣ್ಣು ಕುಸಿದು ದಾರಿ ಮುಚ್ಚಿರುತ್ತದೆ. ಮುಂದೆ ಕಾಣುವುದಿಲ್ಲವಾದ್ದರಿಂದ ಮುಂದಿನದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಸುರಂಗ ಹುಟ್ಟುವುದು ಅಲ್ಲಿ.

ಹಗೇವು ಅಂದರೆ ಏನೆಂದು ಉತ್ತರ ಕರ್ನಾಟಕದ ಹಿರಿಯರಿಗೆ ವಿವರಿಸಬೇಕಿಲ್ಲ. ಜೋಳ ತುಂಬಿ ಬಾಯಿ ಮುಚ್ಚಿದ ನೆಲದೊಳಗಿನ ಕಣಜ. ಅದನ್ನು ತೆರೆದ ಕೂಡಲೇ ಒಳಗೆ ಇಳಿಯಬಾರದು ಎಂಬುದು ಹಳೆಯ ಎಚ್ಚರಿಕೆ. ಇದರ ಹಿಂದೆ ವಿಜ್ಞಾನವಿದೆ. ಧಾನ್ಯವೂ ಅದರೊಳಗಿನ ಹುಳು, ಬೂಷ್ಟುಗಳೂ ಉಸಿರಾಡುತ್ತವೆ. ಮುಚ್ಚಿದ ಜಾಗದ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಧಾನ್ಯವಿಲ್ಲದ ಹಾಳು ಗುಂಡಿಯಲ್ಲೂ ಕೊಳೆಯುವ ಎಲೆ, ಸತ್ತ ಪ್ರಾಣಿ, ಕೆಸರು ಇದೇ ಕೆಲಸ ಮಾಡುತ್ತವೆ.

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕವಿದೆ. ಅದು ಶೇ. 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪಬಹುದು. ಶೇ. 6ರ ಆಸುಪಾಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. ಆಮ್ಲಜನಕದ ಕೊರತೆಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮುನ್ಸೂಚನೆಯೂ ಬಹಳ ಸಲ ಇರುವುದಿಲ್ಲ. ಒಬ್ಬ ಬಿದ್ದನೆಂದು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ.

ದೀಪ ಇಳಿಸಿ ನೋಡಿದರೆ ಸಾಲದೇ? ದೀಪ ಆರಿದರೆ ಒಳಗೆ ಅಪಾಯವಿದೆ ಎಂಬುದು ಸರಿ. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲ ಎಂದು ಅರ್ಥವಲ್ಲ. ಕೊಳೆತ ಕೆಸರಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ದೀಪವನ್ನು ಆರಿಸದಷ್ಟು ಕಡಿಮೆ ಇದ್ದಾಗಲೂ ಮನುಷ್ಯನನ್ನು ಕೆಡವಬಲ್ಲದು. ಮೊಬೈಲಿನ ಟಾರ್ಚಂತೂ ಗಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಾವಲಿಗಳಿರುವ ಕತ್ತಲೆಯಲ್ಲಿ ಇನ್ನೊಂದು ತೊಂದರೆಯಿದೆ. ಅವುಗಳ ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರದ ಧೂಳು ಶ್ವಾಸಕೋಶದ ಸೋಂಕು ತರಬಹುದು. ಆದ್ದರಿಂದ ನಿಯಮ ಒಂದೇ: ಇಳಿಯಬೇಡಿ. ಯಾರಾದರೂ ಒಳಗೆ ಬಿದ್ದಿದ್ದರೆ ನೀವೂ ಹಿಂದೆ ಇಳಿಯದೆ 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳದ ನೆರವು ಕೇಳಿ.

ಗುಡ್ಡದ ನೆತ್ತಿಯ ಮೇಲೆ ನೀರು ಎಲ್ಲಿಂದ?

ಗುಡ್ಡದ ಮೇಲೆ ಬೇಸಿಗೆಯಲ್ಲೂ ನೀರು ಕಂಡರೆ ಕೆಳಗಿನಿಂದ ಗಂಗೆ ಬರುತ್ತಾಳೆ, ಹೊಂಡಕ್ಕೆ ತಳವೇ ಇಲ್ಲ ಎನ್ನುವವರಿದ್ದಾರೆ. ನೀರು ತಾನಾಗಿ ಗುಡ್ಡ ಹತ್ತುವುದಿಲ್ಲ, ಅದು ಮೇಲಿನಿಂದ ಬಿದ್ದ ಮಳೆ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುತ್ತದೆ ಎನ್ನೋಣ. ಒಂದು ಎಕರೆ ಬಂಡೆಯ ಮೇಲೆ ಬೀಳುವ ನೀರು 24 ಲಕ್ಷ ಲೀಟರ್. ಅರ್ಧ ಆವಿಯಾಗಿ, ಸೋರಿ ಹೋದರೂ 12 ಲಕ್ಷ ಲೀಟರ್ ಉಳಿಯುತ್ತದೆ. ದಿನಕ್ಕೆ ತಲಾ 10 ಲೀಟರಿನಂತೆ 300 ಜನರಿಗೆ ಒಂದು ವರ್ಷಕ್ಕೂ ಹೆಚ್ಚು ಸಾಕು. ಕೋಟೆ ಕಟ್ಟಿದವರು ಇಳಿಜಾರು ನೋಡಿ, ಬಂಡೆ ಕಡಿದು, ಗಾರೆ ಬಳಿದು ಈ ನೀರನ್ನು ಹಿಡಿದರು. ಪವಾಡ ಎಂದುಬಿಟ್ಟರೆ ಅವರ ಜಾಣತನಕ್ಕೆ ಸಲ್ಲಬೇಕಾದ ಮೆಚ್ಚುಗೆ ತಪ್ಪಿಹೋಗುತ್ತದೆ.

ಗಜೇಂದ್ರಗಡದ ಬಳಿ ಕಾಲಕಾಲೇಶ್ವರ ಗುಡಿಯ ಅಂತರಗಂಗೆಯ ಮಾತು ಸ್ವಲ್ಪ ಬೇರೆ. ಅಲ್ಲಿ ಗುಡ್ಡದ ಬದಿಯಿಂದ, ಮರದ ಬೇರಿನ ಸಂದಿಯಿಂದ ನೀರು ಜಿನುಗಿ ಹೊಂಡಕ್ಕೆ ಬೀಳುತ್ತದೆ. ಬಿರುಕುಗಳಿರುವ ಕಲ್ಲಿನ ಗುಡ್ಡ ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಕೆಳಗೆ ನೀರು ಇಳಿಯದ ಪದರ ಸಿಕ್ಕಿದ ಕಡೆ ಅದು ಬದಿಗೆ ಹೊರಬರುತ್ತದೆ. ಇಂಥ ಒರತೆಗಳು ಎಲ್ಲ ಕಡೆ ಹೀಗೆಯೇ ಕೆಲಸ ಮಾಡುತ್ತವೆ. ಭಕ್ತಿಗೆ ಇದರಿಂದ ಕುಂದಿಲ್ಲ. ಆದರೆ ಒರತೆ ಉಳಿಯಬೇಕಾದರೆ ಮೇಲಿನ ಗುಡ್ಡ ಉಳಿಯಬೇಕು ಎಂಬುದು ಮಾತ್ರ ಇದರಿಂದ ಗೊತ್ತಾಗುತ್ತದೆ.

ನಿಧಿ, ಅಂಜನ, ಸರ್ಪ

ಅರಸರ ಬಳಿ ಹಣವಿತ್ತು, ನಿಜ. ಆದರೆ ಅದು ನಿಂತ ನೀರಲ್ಲ. ಸಿಪಾಯಿಗಳ ಸಂಬಳ, ಕುದುರೆಯ ಮೇವು, ಮೇಲಿನವರಿಗೆ ಕಪ್ಪ, ಹೀಗೆ ಬಂದದ್ದು ಹೋಗುತ್ತಿತ್ತು. ಗಜೇಂದ್ರಗಡದ ಹೆಸರಿನಲ್ಲೇ 1787ರಲ್ಲಿ ಒಂದು ಒಪ್ಪಂದವಾಯಿತು. ಅದರಂತೆ ಟಿಪ್ಪು ಮರಾಠರಿಗೆ ಯುದ್ಧದ ಖರ್ಚೆಂದು 48 ಲಕ್ಷ ರೂಪಾಯಿ ಕೊಡಬೇಕಾಯಿತು. ದೊಡ್ಡ ಅರಸರ ಖಜಾನೆಯೇ ಹೀಗೆ ಖಾಲಿಯಾಗುತ್ತಿದ್ದಾಗ ಸಣ್ಣ ಸಂಸ್ಥಾನದಲ್ಲಿ ಹೂತಿಡಲು ಎಷ್ಟು ಉಳಿದೀತು? ಉಳಿದಿದ್ದರೂ ಗೆದ್ದವರು ಬಿಡುತ್ತಿದ್ದರೇ? ಗೆದ್ದ ಕೋಟೆಯ ಸೊತ್ತನ್ನು ಹುಡುಕಿ, ಲೆಕ್ಕ ಬರೆದು, ಸೈನಿಕರಿಗೆ ಪಾಲು ಹಂಚಲು ಬ್ರಿಟಿಷ್ ಸೇನೆಯಲ್ಲಿ ಬೇರೆ ಅಧಿಕಾರಿಗಳೇ ಇರುತ್ತಿದ್ದರು.

ಅಂಜನದಲ್ಲಿ ನಿಧಿ ಕಂಡಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆ ಎಂದಲ್ಲ. ಮಂದ ಬೆಳಕಿನಲ್ಲಿ ಹೊಳೆಯುವ ಕಪ್ಪು ಮೇಲ್ಮೈಯನ್ನು ದಿಟ್ಟಿಸುತ್ತ ಕೂತರೆ ಮಿದುಳು ತಾನೇ ಆಕಾರಗಳನ್ನು ಕಟ್ಟುತ್ತದೆ. ಪಕ್ಕದಲ್ಲಿ ಕೂತವನು "ಕೊಪ್ಪರಿಗೆ ಕಂಡಿತೇ?" ಎಂದು ಕೇಳಿದರೆ ಕೊಪ್ಪರಿಗೆಯೇ ಕಾಣುತ್ತದೆ. ಕಾಣುವುದು ಕೇಳಿದವನ ಮನಸ್ಸಿನಲ್ಲಿದ್ದದ್ದು, ನೆಲದಲ್ಲಿದ್ದದ್ದಲ್ಲ.

ಸರ್ಪವೂ ಅಷ್ಟೇ. ಹಾಳು ಗೋಡೆಯ ಸಂದಿಯಲ್ಲಿ ತಂಪಿದೆ, ಇಲಿಗಳಿವೆ, ಹಲ್ಲಿಗಳಿವೆ. ಹಾವಿಗೆ ಬೇಕಾದದ್ದು ಇವು, ಬಂಗಾರವಲ್ಲ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ತಡಮಾಡದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ.

ಅಗೆದರೆ ಹೋಗುವುದು ಏನು?

ಹಳೆಯ ಕೋಟೆಗೋಡೆ ಹಲವು ಕಡೆ ಒಂದೇ ಗೋಡೆಯಲ್ಲ. ಹೊರಗೊಂದು, ಒಳಗೊಂದು ಕಲ್ಲಿನ ಮೈ, ನಡುವೆ ಕಲ್ಲುಚೂರು, ಮಣ್ಣು, ಗಾರೆ. ಬುಡ ಅಗೆದರೆ ಹೊರಮೈ ಜಾರುತ್ತದೆ. ನೆತ್ತಿ ಬಿರಿದರೆ ಮಳೆನೀರು ಒಳಗಿಳಿದು ಗೋಡೆ ಉಬ್ಬುತ್ತದೆ. ಆಮೇಲೆ ಅರಳಿಯ ಬೇರು ಉಳಿದ ಕೆಲಸ ಮುಗಿಸುತ್ತದೆ. ಕಲ್ಲಿಗಿಂತಲೂ ಹೆಚ್ಚಿನ ನಷ್ಟ ಮಣ್ಣಿನಲ್ಲಿದೆ. ಯಾವ ಪದರದಲ್ಲಿ ಯಾವ ಮಡಕೆ ಚೂರು, ಯಾವ ಕಾಳು, ಎಷ್ಟು ಬೂದಿ ಇತ್ತು ಎಂಬುದರಿಂದ ಅಲ್ಲಿದ್ದವರು ಏನು ಉಂಡರು, ಯಾವಾಗ ಬೆಂಕಿ ಬಿತ್ತು ಎಂದು ತಿಳಿಯಬಹುದು. ಒಮ್ಮೆ ಕಲಸಿದ ಪದರವನ್ನು ಮತ್ತೆ ಓದಲಾಗದು.

ಜಪಾನಿನ ಕುಮಾಮೊಟೊ ಕೋಟೆಯ ಕಲ್ಲಿನ ಗೋಡೆಗಳು 2016ರ ಭೂಕಂಪದಲ್ಲಿ ಕುಸಿದವು. ಬಿದ್ದ ಕಲ್ಲುಗಳಿಗೆ ಸಂಖ್ಯೆ ಕೊಟ್ಟು, ಹಳೆಯ ಫೋಟೋಗಳ ಜೊತೆ ಹೋಲಿಸಿ, ಇದ್ದ ಜಾಗದಲ್ಲೇ ಕೂರಿಸುತ್ತಿದ್ದಾರೆ. ಕೆಲಸ ಮುಗಿಯಲು 2052 ಆಗಬಹುದು ಎಂಬ ಅಂದಾಜಿದೆ. ಕಲ್ಲು ಎಲ್ಲಿತ್ತು ಎಂಬುದು ಕಲ್ಲಿನಷ್ಟೇ ಮುಖ್ಯ ಎಂದು ಅವರು ಲೆಕ್ಕ ಹಾಕಿದ್ದಾರೆ.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 1962ರ ನಿಧಿ ಕಾಯ್ದೆ ಎರಡೂ ಇವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಡುವುದು ಅಪರಾಧ. ನಿಧಿಯ ಹೆಸರಿನಲ್ಲಿ ನಡೆಸುವ ಅಮಾನವೀಯ ಆಚರಣೆಗಳನ್ನು 2017ರ ಮೌಢ್ಯ ನಿಷೇಧ ಕಾಯ್ದೆ ತಡೆಯುತ್ತದೆ.

ಹೋಗುವವರಿಗೆ ನಾಲ್ಕು ಮಾತು

ಬೆಳಗಿನ ತಂಪಿನಲ್ಲಿ ಹತ್ತಿ, ಬಿಸಿಲೇರುವ ಮೊದಲು ಇಳಿಯಿರಿ. ಕುಡಿಯುವ ನೀರು ಜೊತೆಗಿರಲಿ, ಹೊಂಡದ ನೀರು ಕುಡಿಯಲು ಅಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಬೋಳು ನೆತ್ತಿಯ ಮೇಲೆ, ಒಂಟಿ ಮರದ ಕೆಳಗೆ ನಿಲ್ಲದೆ ಕೂಡಲೇ ಇಳಿಯಿರಿ. ಉಬ್ಬಿದ ಗೋಡೆಯ ಮೇಲೆ ಹತ್ತಬೇಡಿ. ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ನಾಳೆ ಗೋಡೆ ಕುಸಿದರೆ ಅದೇ ದಾಖಲೆಯಾದೀತು. ಹೊಸದಾಗಿ ಅಗೆದ ಗುಂಡಿ, ನಿಂಬೆಹಣ್ಣು, ಕುಂಕುಮ ಕಂಡರೆ ಹೆದರಿ ಹಿಂದಿರುಗಿ ಸುಮ್ಮನಿರಬೇಡಿ. ಅದು ಮಾಟವಲ್ಲ, ಕಳ್ಳತನದ ಗುರುತು. ಪೊಲೀಸರಿಗೆ ತಿಳಿಸಿ.