ಕಂದು ಹಾಕಿದ ಹಸುವೂ ರಕ್ತಪರೀಕ್ಷೆಯ ಚೀಟಿಯೂ



ತುಂಬುಗಬ್ಬದ ಹಸು ಕಂದು ಹಾಕಿದರೆ ದೃಷ್ಟಿ ತಾಗಿತು, ಏಟು ಬಿತ್ತು ಎಂದು ಸುಮ್ಮನಾಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬ್ರುಸೆಲ್ಲಾ ಎಂಬ ರೋಗಾಣುವಿನ ಸಂಶಯ ಬರಬೇಕಾದದ್ದು ಮೊದಲು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಈ ಜಾತಿಯ ರೋಗಾಣುವನ್ನು ಕಂಡುಹಿಡಿದದ್ದು ಹಸುವಿನಲ್ಲಲ್ಲ, ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ. ಅಂದರೆ ಇದು ಕೊಟ್ಟಿಗೆಯಲ್ಲೇ ನಿಲ್ಲುವ ಕಾಯಿಲೆಯಲ್ಲ.

ಮೊದಲು ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ರಕ್ತದಿಂದ ಬೇರ್ಪಡಿಸಿದ ಸೀರಂ ಒಂದು ಹನಿ, ಗುಲಾಬಿ ಬಣ್ಣದ ದ್ರಾವಣ ಒಂದು ಹನಿ ಬೆರೆಸಿ ನಾಲ್ಕು ನಿಮಿಷ ನೋಡುತ್ತಾರೆ. ಕಾಳುಕಾಳಾಗಿ ಕೂಡಿಕೊಂಡರೆ ಪಾಸಿಟಿವ್. ಅಗ್ಗದ, ಬೇಗ ಮುಗಿಯುವ ಪರೀಕ್ಷೆ, ಒಳ್ಳೆಯದೇ. ಆದರೆ ಆ ಚೀಟಿಯನ್ನು ಕೋರ್ಟಿನ ತೀರ್ಪಿನಂತೆ ಓದುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು. ಎಸ್-19 ಲಸಿಕೆ ಪಡೆದ ಹಸುವಿನಲ್ಲೂ ಅದು ಇರಬಹುದು. ಲೆಕ್ಕಕ್ಕೆಂದು ಹೇಳುತ್ತೇನೆ: 1000 ಹಸುಗಳಲ್ಲಿ 10ಕ್ಕೆ ಮಾತ್ರ ರೋಗವಿದ್ದು, ಪರೀಕ್ಷೆ ನೂರಕ್ಕೆ ಎರಡು ಸಲ ತಪ್ಪು ಹೇಳಿದರೂ ಸುಮಾರು 20 ಆರೋಗ್ಯವಂತ ಹಸುಗಳಿಗೆ ಕಳಂಕ ಬರುತ್ತದೆ! ಇನ್ನೊಂದೆಡೆ, ಹೊಸದಾಗಿ ಸೋಂಕು ತಗಲಿದ ಅಥವಾ ಈಗಷ್ಟೇ ಕಂದು ಹಾಕಿದ ಹಸು ನೆಗೆಟಿವ್ ತೋರಿಸಬಹುದು. ಅಂಥದ್ದಕ್ಕೆ ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆಸಿ. ಪಾಸಿಟಿವ್ ಬಂದದ್ದಕ್ಕೆ ಎಲೈಸಾ ಪರೀಕ್ಷೆ ಆಗಲಿ. ಪಶುವೈದ್ಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಪೂಕೋಡಿನಲ್ಲೇ ಇದೆ. ಮಾದರಿ ಎಲ್ಲಿಗೆ ಕಳುಹಿಸಬೇಕೆಂದು ನಿಮ್ಮ ಪಶುವೈದ್ಯರನ್ನು ಕೇಳಿ.

ಫಲಿತಾಂಶ ಬರುವವರೆಗೆ ಹಸುವನ್ನು ಬೇರೆ ಕಟ್ಟಿರಿ, ಮಾರಬೇಡಿ. ಒಂದೇ ಹಸುವಿನ ಹಾಲಿನಿಂದ ಮಕ್ಕಳ ಫೀಸು ಕಟ್ಟುವ ಮನೆಗೆ ಹೀಗೆ ಹೇಳುವುದು ಸುಲಭವಲ್ಲ, ಬಲ್ಲೆ. ಆದರೆ ರೋಗವಿದೆಯೆಂದು ತಿಳಿದೂ ಸಂತೆಗೆ ದಾಟಿಸುವುದು ವ್ಯಾಪಾರವಲ್ಲ. ಏಳನೆಯ ಆಜ್ಞೆಗೆ ವಿರುದ್ಧ. ಅದನ್ನು ಕೊಂಡ ಮನೆಯ ತಾಯಿ ಬರಿಗೈಯಲ್ಲಿ ಕಸ ತೆಗೆಯುತ್ತಾಳೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಅವಳಿಗೆ. ಕೈಚೀಲ ಹಾಕದೆ ಕಸ ಮುಟ್ಟಬೇಡಿ, ಹಾಲನ್ನು ಕುದಿಸದೆ ಕುಡಿಯಬೇಡಿ.

ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಕರುವಿಗೆ ಒಮ್ಮೆ ಹಾಕಿಸಿ, ಕಿವಿಯ ಓಲೆಯ ನಂಬರಿನೊಂದಿಗೆ ತಾರೀಕು ಬರೆದಿಡಿ. ಮುಂದೆ ರಕ್ತ ತೆಗೆಯುವ ವೈದ್ಯರು ಮೊದಲು ಕೇಳುವುದು ಅದನ್ನೇ.