ಕಲಿಸಿದವನಿಗೆ ರಿಯಾಯಿತಿ, ಕಲಿತವನಿಗೆ ದಂಡ! ಇದ್ಯಾವ ಸೀಮೆ ನ್ಯಾಯ ಸ್ವಾಮಿ?



ನಾನು ಓದಿದ್ದು ಪಿಯುಸಿ. ಕಸುಬು ಪ್ರೆಸ್ಸು. ನಮ್ಮಪ್ಪ ಟ್ರೆಡಲ್ ಮೆಷಿನ್ ತುಳಿದು ಲಗ್ನಪತ್ರಿಕೆ ಅಚ್ಚು ಹಾಕಿದವರು. ನಾನು ಹುಡುಗನಾಗಿದ್ದಾಗ ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡವನು. ಆಮೇಲೆ ಡಿಟಿಪಿ ಬಂತು, ಆಫ್‌ಸೆಟ್ ಬಂತು, ಈಗ ಡಿಜಿಟಲ್ ಬಂದಿದೆ. ಒಂದೊಂದು ಸಲವೂ ಹೊಸದಾಗಿ ಕಲಿತವನು ಉಳಿದ, ಕಲಿಯಲಾಗದವನು ಮನೆ ಸೇರಿದ. ಐವತ್ತು ದಾಟಿದ ಕಂಪೋಸಿಟರುಗಳು ಕಂಪ್ಯೂಟರ್ ಕ್ಲಾಸಿಗೆ ಕಟ್ಟಲು ದುಡ್ಡಿಲ್ಲದೆ ವಾಚ್‌ಮನ್ ಕೆಲಸಕ್ಕೆ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಕಸುಬಿಗಾಗಿ ಕಲಿಯುವ ಖರ್ಚನ್ನು ಯಾರಾದರೂ 'ಸ್ವಂತ ಖರ್ಚು' ಅಂದರೆ ನನಗೆ ಮೈ ಉರಿಯುತ್ತದೆ.

ಹಾಗೆ ಅನ್ನುತ್ತಿರುವುದು ಬೇರೆ ಯಾರೂ ಅಲ್ಲ, ದಿಲ್ಲಿಯ ತೆರಿಗೆ ಕಾನೂನು!

ನಡೆದದ್ದು ಹೇಳುತ್ತೇನೆ. ಹೊಸ ಮೆಷಿನ್ ತಂದಾಗ ನಮ್ಮ ಆಪರೇಟರನ್ನು ಬೆಂಗಳೂರಿನ ಒಂದು ಖಾಸಗಿ ತರಬೇತಿಗೆ ಕಳಿಸಿದೆ. ಫೀಸು 20,000. ಅದರ ಮೇಲೆ ಶೇ. 18 ಜಿಎಸ್‌ಟಿ, 3,600. ಒಟ್ಟು 23,600. ನಮ್ಮ ಆಡಿಟರ್ ಏನು ಮಾಡಿದರು? 20,000ವನ್ನು ವ್ಯಾಪಾರದ ಖರ್ಚು ಎಂದು ಬರೆದರು. 3,600ವನ್ನು ಇನ್‌ಪುಟ್ ಕ್ರೆಡಿಟ್ ಎಂದು ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಂಡರು. ಎಲ್ಲವೂ ಕಾನೂನು ಪ್ರಕಾರವೇ. ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚನ್ನು ಲೆಕ್ಕ ಇಟ್ಟ ಮಾಲೀಕ ಲಾಭದಿಂದ ಕಳೆಯಬಹುದು.

ಅದೇ ಕ್ಲಾಸಿನಲ್ಲಿ ನಮ್ಮ ಹುಡುಗನ ಪಕ್ಕ ಇನ್ನೊಬ್ಬ ಹುಡುಗ ಕೂತಿದ್ದ. ಅವನ ಮಾಲೀಕ 'ಬೇಕಾದರೆ ಕಲಿ, ಇಲ್ಲದಿದ್ದರೆ ಬಿಡು' ಅಂದಿದ್ದನಂತೆ. ಅವನು ಹೆಂಡತಿಯ ಓಲೆ ಅಡವಿಟ್ಟು ಅದೇ 23,600 ಕಟ್ಟಿದ್ದ. ಅದೇ ಬೆಂಚು, ಅದೇ ಪಾಠ, ಅದೇ ರಸೀತಿ. ಅವನಿಗೆ ವಾಪಸ್ ಬಂದದ್ದು? ಸೊನ್ನೆ! ಮಾಲೀಕ ಕಟ್ಟಿದರೆ ಅದು ಕಸುಬಿನ ಖರ್ಚು, ಕೂಲಿಯವನು ಕಟ್ಟಿದರೆ ಅದು ಅವನ ಶೋಕಿ! ನಾನು ಮಾಲೀಕ. ಈ ಕಾನೂನಿನಿಂದ ನನಗೆ ಲಾಭವೇ ಆಗಿದೆ. ಆದರೂ ಹೇಳುತ್ತೇನೆ, ಇದು ಅನ್ಯಾಯ.

'ಈಗ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಇನ್ನೇನು ಗೋಳು ನಿಮ್ಮದು?' ಎಂದು ಕೇಳುವವರಿದ್ದಾರೆ. ನಿಜ, 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆ ಹುಡುಗನೂ ಆದಾಯ ತೆರಿಗೆ ಕಟ್ಟುವಷ್ಟು ದುಡಿಯುವವನಲ್ಲ. ಆದರೆ ಅವನ ಫೀಸಿನ ಮೇಲೆ 3,600 ರೂಪಾಯಿ ಜಿಎಸ್‌ಟಿ ಕಿತ್ತುಕೊಂಡವರು ಯಾರು? ಆದಾಯ ತೆರಿಗೆ ಕಟ್ಟುವಷ್ಟು ಇಲ್ಲದವನೂ ಕಲಿಯಲು ಹೋದರೆ ತೆರಿಗೆ ಕಟ್ಟುತ್ತಾನೆ. ಇದಕ್ಕೇನು ಹೇಳುತ್ತೀರಿ?

ಸ್ವಲ್ಪ ಮೇಲಿನವರ ಕಥೆ ನೋಡಿ. ಎಲ್ಲ ಕಡಿತ ಕಳೆದು 15 ಲಕ್ಷ ಆದಾಯವಿರುವ ಒಬ್ಬ ಸಂಬಳದಾರ, ಕೆಲಸ ಉಳಿಸಿಕೊಳ್ಳಲು 60,000 ಕೊಟ್ಟು ಒಂದು ಕೋರ್ಸು ಮಾಡಿದ ಎನ್ನಿ. ಆ ಖರ್ಚು ಕಳೆಯಲು ಬಿಟ್ಟಿದ್ದರೆ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ 9,360 ರೂಪಾಯಿ ಅವನಿಗೆ ಉಳಿಯುತ್ತಿತ್ತು. ಬಿಡುವುದಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. ಆ 75,000 ಕಲಿತವನಿಗೂ ಅಷ್ಟೇ, ಕಾಲ ಮೇಲೆ ಕಾಲು ಹಾಕಿ ಕೂತವನಿಗೂ ಅಷ್ಟೇ!

ಇದು ಮೊದಲಿನಿಂದಲೂ ಹೀಗೆಯೇ ಇತ್ತೇ? ಇಲ್ಲ. 1961ರ ಆದಾಯ ತೆರಿಗೆ ಕಾಯಿದೆ ಹುಟ್ಟಿದಾಗ, ಸಂಬಳದಾರ ತನ್ನ ಕೆಲಸಕ್ಕೆ ಅಗತ್ಯವಾದ ಪುಸ್ತಕ ಕೊಂಡರೆ 500 ರೂಪಾಯಿವರೆಗೆ ಕಳೆಯಲು ಅವಕಾಶವಿತ್ತು. ಆ ಕಾಲದ 500 ಸಣ್ಣದಲ್ಲ. 1974ರಲ್ಲಿ ಅದನ್ನು ತೆಗೆದು ಎಲ್ಲಕ್ಕೂ ಸೇರಿಸಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದರು. 2005ರ ಬಜೆಟ್ಟಿನಲ್ಲಿ ಅದನ್ನೂ ನುಂಗಿದರು. 2018ರಲ್ಲಿ 40,000 ಎಂದು ವಾಪಸ್ ಕೊಟ್ಟರು, ಅದೂ ಓಡಾಟದ ಭತ್ಯೆ ಮತ್ತು ಆಸ್ಪತ್ರೆ ಬಿಲ್ಲಿನ ವಿನಾಯಿತಿ ಕಿತ್ತುಕೊಂಡು. ಪುಸ್ತಕದ ಮಾತು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ಇಡೀ ಕಾಯಿದೆಯನ್ನೇ ಹೊಸದಾಗಿ ಬರೆದರು. ಆಗಲೂ ಕಲಿಯುವವನ ನೆನಪಾಗಲಿಲ್ಲ.

ಉಳಿದದ್ದು ಒಂದೇ. ಪಿಯುಸಿ ಮೇಲಿನ ಓದಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದರೆ ಅದರ ಬಡ್ಡಿಯನ್ನು 8 ವರ್ಷದವರೆಗೆ ಕಳೆಯಬಹುದು. ಅಸಲಿಗೆ ಇಲ್ಲ, ಬಡ್ಡಿಗೆ ಮಾತ್ರ. ಅದೂ ಹಳೆ ಪದ್ಧತಿ ಆರಿಸಿಕೊಂಡವನಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಅಲ್ಲಿ ಈ ಬಡ್ಡಿಗೆ ಜಾಗವಿಲ್ಲ. ಕೈಯಿಂದ ಫೀಸು ಕಟ್ಟಿದವನಿಗಂತೂ ಎರಡೂ ಕಡೆ ಬಾಗಿಲು ಬಂದ್!

ನಮ್ಮ ಕನ್ನಡದ ಹುಡುಗನೊಬ್ಬ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕಿದ್ದರೆ, ಈಗ ಮಾಡುತ್ತಿರುವ ಕೆಲಸಕ್ಕೆ ಸಂಬಂಧಪಟ್ಟ ಓದಿನ ಖರ್ಚನ್ನು ಅಲ್ಲಿ ಆದಾಯದಿಂದ ಕಳೆಯುತ್ತಾನೆ. ಜರ್ಮನಿಯಲ್ಲೂ ಕಳೆಯುತ್ತಾನೆ. ಅವನೇ ಬೆಂಗಳೂರಿಗೆ ವಾಪಸ್ ಬಂದರೆ ಅದೇ ಓದು ಶೋಕಿಯಾಗಿಬಿಡುತ್ತದೆ!

ಈಗ ಮುಖ್ಯ ಮಾತು. ಈ ಏಟು ಎಲ್ಲರಿಗಿಂತ ಜೋರಾಗಿ ಬೀಳುವುದು ಯಾರಿಗೆ? ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ. ನಾನು ಹೇಳಿದ ಆ ತರಬೇತಿಯ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ಹುಡುಗನಿಗೆ ಅರ್ಧ ತಲೆಗೆ ಹತ್ತಲಿಲ್ಲ. ಕಸುಬು ಕಲಿಯುವ ಮೊದಲು ಇಂಗ್ಲಿಷ್ ಟ್ಯೂಷನ್ನಿಗೆ ಕಟ್ಟಬೇಕು. ಬೇರೆಯವರು ಒಂದು ಫೀಸು ಕಟ್ಟಿದರೆ ನಮ್ಮವನು ಎರಡು ಕಟ್ಟುತ್ತಾನೆ. ಕನ್ನಡ ನಾಡಿನಲ್ಲಿ ಕನ್ನಡಿಗ ಅನ್ನ ಸಂಪಾದಿಸಲು ಬೇರೆ ಭಾಷೆ ಕಲಿಯಬೇಕಾದ ಸ್ಥಿತಿ ತಂದವರು ಯಾರು? ಅವನಂತೂ ಅಲ್ಲ. ಖರ್ಚು ಹೇರುವವರು ನೀವು, ಅದು ನಿನ್ನ ಸ್ವಂತ ಖರ್ಚು ಅನ್ನುವವರೂ ನೀವೇ!

ನೇರ ತೆರಿಗೆ ತುಂಬುವುದರಲ್ಲಿ ಕರ್ನಾಟಕ ಮುಂಚೂಣಿಯ ರಾಜ್ಯ. 2016ರಲ್ಲಿ, ಮತ್ತೆ 2022ರಲ್ಲಿ ನಿರ್ಮಲಾ ಸೀತಾರಾಮನ್ ಅವರನ್ನು ರಾಜ್ಯಸಭೆಗೆ ಕಳಿಸಿದ್ದು ಇದೇ ಕರ್ನಾಟಕ. 2019ರಲ್ಲಿ ಅವರು ಹಣಕಾಸು ಸಚಿವರಾದರು. ನಮ್ಮಿಂದ 28 ಜನ ಲೋಕಸಭೆಗೆ, 12 ಜನ ರಾಜ್ಯಸಭೆಗೆ ಹೋಗುತ್ತಾರೆ. ಇವರಲ್ಲಿ ಒಬ್ಬರಾದರೂ ಕನ್ನಡದ ಕೂಲಿಯವನ ಕಲಿಕೆಯ ಫೀಸಿನ ಬಗ್ಗೆ ಎದ್ದು ನಿಂತು ಕೇಳಬಾರದೇ?

ನಮ್ಮ ಬೇಡಿಕೆ ನಾಲ್ಕು.

ಒಂದು: ಕೆಲಸಕ್ಕಾಗಿ ಸ್ವಂತ ದುಡ್ಡಲ್ಲಿ ಕಲಿತರೆ, ರಸೀತಿ ತೋರಿಸಿ ಒಂದು ಮಿತಿಯವರೆಗೆ ಆದಾಯದಿಂದ ಕಳೆಯಲು ಬಿಡಿ. ಹಳೆ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ.

ಎರಡು: ಕಸುಬಿನ ತರಬೇತಿಯ ಫೀಸಿನ ಮೇಲಿನ ಶೇ. 18 ಜಿಎಸ್‌ಟಿ ತೆಗೆಯಿರಿ.

ಮೂರು: ಓದಿನ ಸಾಲದ ಬಡ್ಡಿಗೆ ಹೊಸ ಪದ್ಧತಿಯಲ್ಲೂ ಜಾಗ ಕೊಡಿ.

ನಾಲ್ಕು: ಹೊರಗಿನಿಂದ ಬಂದು ಇಲ್ಲಿನ ಬ್ಯಾಂಕು, ಅಂಚೆ ಕಚೇರಿ, ರೈಲು ನಿಲ್ದಾಣದಲ್ಲಿ ಕೂತವರು ದುಡ್ಡು ಕೊಟ್ಟು ಕನ್ನಡ ಕಲಿತರೆ ಆ ಫೀಸನ್ನೂ ಕಳೆಯಲು ಬಿಡಿ. ಕೌಂಟರಿನಲ್ಲಿ ಕನ್ನಡ ಮಾತಾಡುವುದು ಅವರ ಕೆಲಸಕ್ಕೆ ಬೇಕಾದ ಕಲಿಕೆಯೇ. ಆಮೇಲೆ 'ಕನ್ನಡ ಗೊತ್ತಿಲ್ಲ' ಎಂಬ ನೆಪ ಹೇಳಲು ಯಾರಿಗೂ ಬಾಯಿ ಇರುವುದಿಲ್ಲ.

ಬಂಧುಗಳೇ, ಓದಿ ಮಡಚಿಟ್ಟರೆ ಆಗಲಿಲ್ಲ. ಈ ನಾಲ್ಕು ಬೇಡಿಕೆಯನ್ನು ಕಾರ್ಡಿನಲ್ಲಿ ಅಚ್ಚು ಹಾಕಿ ಈ ಪತ್ರಿಕೆ ಹಂಚುವ ಗೆಳೆಯರ ಕೈಗೆ ಕೊಡುತ್ತೇನೆ. ನಿಮ್ಮ ಊರು, ಕಸುಬು, ಕಟ್ಟಿದ ಫೀಸು ಬರೆದು ನಿಮ್ಮ ಸಂಸದರಿಗೆ ಹಾಕಿ. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಕೇಳಿ. ಅಚ್ಚಿನ ಖರ್ಚು ನನ್ನದು. ಇದನ್ನು ಮಾತ್ರ ಆಡಿಟರಿಗೆ ತೋರಿಸುವುದಿಲ್ಲ!

ಸಿರಿಗನ್ನಡಂ ಗೆಲ್ಗೆ!

- ಒಬ್ಬ ಮುದ್ರಕ