ಮೊಗಸಾಲೆಯ ಬೆಂಚು

ವಸ್ತುಸಂಗ್ರಹಾಲಯದ ಕೆಲಸಕ್ಕೆ ಅರ್ಜಿ ಹಾಕಿಕೊಂಡ ತರುಣನಿಗೆ ಮೊದಲ ಸಂದರ್ಶನ ನಡೆಯುವುದು ಅವನ ಮನೆಯ ಅಡಿಗೆಯ ಕೋಣೆಯಲ್ಲಿಯೇ. ಕರೆಯೋಲೆ ಬಂದ ದಿನ ತಾಯಿ ಕೇಳುತ್ತಾಳೆ: “ಅಲ್ಲೇನು ಮಾಡಬೇಕಪ್ಪಾ? ಕಲ್ಲು ಕಾಯೋದಕ್ಕೂ ಎಂ.ಎ. ಓದಿರಬೇಕೆ?” ಮಗನಿಗೆ ಉತ್ತರ ತೋಚುವುದಿಲ್ಲ. ಬ್ಯಾಂಕು ಎಂದರೆ, ಕಾಲೇಜು ಎಂದರೆ ನೆರೆಮನೆಯವರಿಗೂ ಅರ್ಥವಾಗುತ್ತದೆ. ಮ್ಯೂಸಿಯಂ ಎಂದರೆ ಶಾಲೆಯ ಪ್ರವಾಸದಲ್ಲಿ ಸಾಲುಗಟ್ಟಿ ಒಳಹೊಕ್ಕು, ಸಾಲುಗಟ್ಟಿ ಹೊರಬಂದ ನೆನಪಷ್ಟೇ. ಮದರಾಸಿನ ಜನ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮೃಗಾಲಯವನ್ನು ‘ಉಯಿರ್ ಕಾಲೇಜ್’, ಅಂದರೆ ಜೀವವುಳ್ಳ ಕಾಲೇಜು ಎಂದೂ, ಎಗ್ಮೂರಿನ ಮ್ಯೂಸಿಯಮ್ಮನ್ನು ‘ಸೆತ್ತ ಕಾಲೇಜ್’, ಅಂದರೆ ಸತ್ತ ಕಾಲೇಜು ಎಂದೂ ಕರೆದವರು ಅವರು!

ಈ ಸತ್ತ ಕಾಲೇಜನ್ನು ಸೇರಲು ಬದುಕಿರುವವರು ಪಡುವ ಪಾಡನ್ನು ಕಾಣಬೇಕಾದರೆ ಸಂದರ್ಶನದ ದಿನ ಬೆಳಿಗ್ಗೆ ಅದರ ಮೊಗಸಾಲೆಗೆ ಹೋಗಬೇಕು. ಹುದ್ದೆ ಒಂದು, ಬೆಂಚುಗಳು ನಾಲ್ಕು. ಹೊಯ್ಸಳ ಅರಸರ ವಂಶಾವಳಿಯನ್ನು ಮಂತ್ರದಂತೆ ಮಣಮಣಿಸುತ್ತಿರುವ ಇತಿಹಾಸದ ಪದವೀಧರೆ ಒಂದು ಕಡೆ. ಬರೋಡಾದಲ್ಲಿ 1952ರಷ್ಟು ಹಿಂದೆಯೇ ಆರಂಭವಾದ ಮ್ಯೂಸಿಯಂ ಶಾಸ್ತ್ರದ ತರಗತಿಯಲ್ಲಿ ಓದಿಬಂದು, ಗಾಳಿಯ ತೇವವನ್ನೂ ದೀಪದ ಬೆಳಕನ್ನೂ ಅಂಕಿಗಳಲ್ಲಿ ಹೇಳಬಲ್ಲವನು ಇನ್ನೊಂದು ಕಡೆ. ಇವರ ನಡುವೆ, ಅದೇ ಕಟ್ಟಡದಲ್ಲಿ ಹತ್ತು ವರ್ಷ ದಿನಗೂಲಿಯ ಮೇಲೆ ದುಡಿದು, ವಯೋಮಿತಿ ಮುಗಿಯುವ ಮುನ್ನ ಕಡೆಯ ಬಾರಿಗೆ ಬಂದು ಕುಳಿತ ಒಬ್ಬನಾದರೂ ಇದ್ದೇ ಇರುತ್ತಾನೆ. ಮಳೆಗಾಲದಲ್ಲಿ ಯಾವ ವೀರಗಲ್ಲಿನ ಮೇಲೆ ಸೂರು ಸೋರುತ್ತದೆಂಬುದು ಅವನೊಬ್ಬನಿಗೇ ಗೊತ್ತು. ಆ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಳಗೆ ಕೇಳುವ ಪ್ರಶ್ನೆಗಳಾದರೂ ಎಂಥವು? ವಿಷ್ಣುವರ್ಧನನ ರಾಣಿಯ ಹೆಸರೇನು, ಈಗಿನ ಸಂಸ್ಕೃತಿ ಸಚಿವರು ಯಾರು, “ಈ ಕೆಲಸವೇ ಏಕೆ ಬೇಕು?” ಕಡೆಯದಕ್ಕೆ ಎಲ್ಲರೂ “ಪರಂಪರೆಯ ಮೇಲಿನ ಪ್ರೀತಿಯಿಂದ” ಎನ್ನುತ್ತಾರೆ. ಮನೆಯ ಬಾಡಿಗೆ, ತಂಗಿಯ ಮದುವೆ ಇವೆಲ್ಲ ಆ ಕೊಠಡಿಯ ಬಾಗಿಲಾಚೆಯೇ ಉಳಿಯಬೇಕು.

ಮ್ಯೂಸಿಯಮ್ಮುಗಳ ಚರಿತ್ರೆಯೇ ಈ ವಿಧಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆಂಬುದು ಸ್ವಾರಸ್ಯ. 1814ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಕ್, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಗೆ ಪತ್ರ ಬರೆದು, ಒಂದು ಸಂಗ್ರಹಾಲಯವನ್ನು ತೆರೆಯಿರಿ, ನನ್ನ ಸಂಗ್ರಹದಿಂದಲೂ ಕೊಡುತ್ತೇನೆ, ನೋಡಿಕೊಳ್ಳಲು ನಾನಿದ್ದೇನೆ ಎಂದು ಸೂಚಿಸಿದನು. ಸಂಸ್ಥೆಯೇ ಹುಟ್ಟುವ ಮೊದಲು ಅದರ ಕೆಲಸಕ್ಕೆ ಬಂದ ಅರ್ಜಿ ಅದು! ಇಂದಿನ ಇಂಡಿಯನ್ ಮ್ಯೂಸಿಯಂ ಹುಟ್ಟಿದ್ದು ಹಾಗೆ. ಲಂಡನ್ನಿನ ಜಾರ್ಜ್ ಸ್ಮಿತ್ ಬ್ಯಾಂಕ್ ನೋಟಿನ ಅಚ್ಚುಗಳನ್ನು ಕೆತ್ತುವ ಕಸುಬಿನವನು. ಊಟದ ಬಿಡುವಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಓಡಿ, ಅಸ್ಸೀರಿಯದ ಮಣ್ಣಿನ ಫಲಕಗಳ ಮುಂದೆ ನಿಲ್ಲುತ್ತಿದ್ದನು. ದಿನವೂ ಕಾಣುವ ಈ ಮುಖವನ್ನು ಅಲ್ಲಿನವರು ಗಮನಿಸಿದರು; ಅವನ ಅರಿವನ್ನು ಕಂಡು 1867ರಲ್ಲಿ ಸಹಾಯಕನಾಗಿ ತೆಗೆದುಕೊಂಡರು. ಬೈಬಲ್ಲಿನ ನೋಹನ ಕಥೆಯನ್ನು ಹೋಲುವ ಜಲಪ್ರಳಯದ ಕಥೆಯನ್ನು 1872ರಲ್ಲಿ ಒಂದು ಒಡಕು ಫಲಕದ ಮೇಲೆ ಓದಿದವನು ಅವನೇ. ಕೆತ್ತನೆಗೆ ಪಳಗಿದ ಕಣ್ಣು ಮೊಳೆಯಾಕಾರದ ಲಿಪಿಗೆ ಒದಗಿಬಂದಿತು.

ಹಾಗೆಂದು ಇಂದು ಅರ್ಜಿದಾರರೆಲ್ಲ ಊಟ ಬಿಟ್ಟು ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲಲಾದೀತೆ? ಗುರುತು ಪರಿಚಯದಿಂದ ಕೆಲಸ ಕೊಡುವ ಪದ್ಧತಿ ಶಿಫಾರಸಿಗೆ ಹೆಬ್ಬಾಗಿಲು. ಆ ಶಂಕೆಯಿಂದಲೇ ಕೇಂದ್ರ ಸರಕಾರ 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಬಡವನ ಮಗನಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಲೇಖನಿ ಹಿಡಿದ ಕೈ ಮಡಕೆಯನ್ನು ಹೇಗೆ ಹಿಡಿದೀತೆಂಬುದನ್ನು ಉತ್ತರಪತ್ರಿಕೆ ಹೇಳಲಾರದು.

ಮೇಲಿನ ಹುದ್ದೆಗಳಿಗಾದರೂ, ಬಲ್ಲ ಅಧಿಕಾರಿಗಳಿದ್ದ ಕಡೆ, ಪರೀಕ್ಷೆ ಬೇರೆ ಬಗೆಯದಾಗುತ್ತದೆ. ತಾಮ್ರಶಾಸನವೊಂದರ ಚಿತ್ರವನ್ನು ಮುಂದಿಟ್ಟು, “ಈ ಹಸಿರು ಪುಡಿ ಏನು?” ಎನ್ನುತ್ತಾರೆ. ಪಾಚಿಯೆಂದವನು ಸೋತ. ಲೋಹದೊಳಗೆ ಸೇರಿದ ಉಪ್ಪಿನ ಅಂಶ ತೇವದೊಡನೆ ಕೂಡಿ ಶಾಸನವನ್ನು ತಿನ್ನುತ್ತಿದೆ, ಮೊದಲು ಒಣಗಿನ ಜಾಗ ಬೇಕು ಎಂದವನ ಕಡೆಗೆ ಅವರು ಕುರ್ಚಿಯಲ್ಲಿ ತುಸು ಮುಂದೆ ಬಾಗುತ್ತಾರೆ. ಅನಂತರ ಒಂದು ಹಳೆಯ ಮಡಕೆಯನ್ನು ಪಕ್ಕದ ಮಣೆಯ ಮೇಲೆ ತೋರಿಸಿ, “ಇದನ್ನಿಷ್ಟು ಇಲ್ಲಿಗೆ ತನ್ನಿ” ಎನ್ನುತ್ತಾರೆ.

ಪಾಠ ಒಪ್ಪಿಸಿದ ಉತ್ಸಾಹದಲ್ಲಿ ಕೆಲವರು ಅದರ ಕಂಠಕ್ಕೇ ಕೈ ಹಾಕುತ್ತಾರೆ. ಕೆಲವರು ತಳಕ್ಕೆ ಒಂದು ಕೈ, ಒಡಲಿಗೆ ಒಂದು ಕೈ ಕೊಟ್ಟು ಎತ್ತುತ್ತಾರೆ. ತಂದು, ಇಡಲು ಎಡೆಯಿಲ್ಲದೆ ತಬ್ಬಿಕೊಂಡು ನಿಲ್ಲುತ್ತಾರೆ. ದಿನಗೂಲಿಯವನೋ, ಅವನಂಥ ಮತ್ತೊಬ್ಬನೋ, ಮಡಕೆಯನ್ನು ಮುಟ್ಟುವ ಮೊದಲು ಸಮಿತಿಯವರ ಮೇಜನ್ನು ನೋಡುತ್ತಾನೆ. ಅದರ ತುಂಬ ಕಡತಗಳು, ಚಹದ ಬಟ್ಟಲುಗಳು.

“ಸ್ವಾಮೀ, ಸ್ವಲ್ಪ ಆ ಬಟ್ಟಲುಗಳನ್ನು ತೆಗೆಸ್ತೀರಾ?”